ಕಿತ್ತಳೆಯಾಗುತ್ತಿದ್ದ ಸಕ್ಕರೆ ನೀರು

ಹನ್ನೊಂದು ದಿನದ ತಲೆನೋವು ನಿನ್ನೆ ರಾತ್ರಿ ಬಗೆಹರಿಯಿತು!

ಬೆನೆಡಿಕ್ಟ್ ದ್ರಾವಣ ಅಂದರೆ ತಾಮ್ರವಿರುವ ನೀಲಿ ದ್ರಾವಣ; ಗ್ಲೂಕೋಸಿನಂಥ ಕೆಲವು ಸಿಹಿಗಳ ಜೊತೆ ಬಿಸಿ ಮಾಡಿದರೆ ಕಿತ್ತಳೆ ಅಥವಾ ಇಟ್ಟಿಗೆ ಕೆಂಪಾಗುತ್ತದೆ. ಅದನ್ನು ನಾನೇ ಮಾಡಿಕೊಂಡೆ. ಮೈಲುತುತ್ತ (ಕಾಪರ್ ಸಲ್ಫೇಟ್) ಗೊಬ್ಬರದ ಅಂಗಡಿಯಲ್ಲೇ ಸಿಕ್ಕಿತು, ಅಡಿಕೆ ತೋಟದವರ ಪುಣ್ಯ. ಸೋಡಿಯಂ ಸಿಟ್ರೇಟ್ ಮಾತ್ರ ಸತಾಯಿಸಿತು. ಆನ್‌ಲೈನ್‌ನಲ್ಲಿ ತರಿಸಿದ ಪೊಟ್ಟಣಕ್ಕೆ ಎರಡು ಸಲವೂ ಲೇಬಲ್ಲೇ ಇರಲಿಲ್ಲ. ಬಿಳಿ ಪುಡಿ ಅಂದರೆ ಯಾವ ಬಿಳಿ ಪುಡಿ? ಹೀಗೆ ರಾಸಾಯನಿಕ ಕಳಿಸುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಅವರು ಅಂಟಿಸದ ಲೇಬಲ್ಲನ್ನು ಅಮ್ಮ ನಮ್ಮ ಸಕ್ಕರೆ ಡಬ್ಬಿಗೆ ಅಂಟಿಸಿದ್ದಾರೆ: 'ಪ್ರಯೋಗಕ್ಕಲ್ಲ'.

ಗ್ಲೂಕೋಸ್ ಇಟ್ಟಿಗೆ ಕೆಂಪಾಯಿತು. ಜೇನುತುಪ್ಪವೂ ಅಷ್ಟೇ. ಸಕ್ಕರೆ ನೀರು ನೀಲಿಯಾಗಿಯೇ ಉಳಿಯಬೇಕು, ಅಲ್ವಾ? ನನ್ನದು ಪ್ರತಿ ಸಲ ಕಿತ್ತಳೆ!

ಗ್ಲೂಕೋಸ್, ಫ್ರಕ್ಟೋಸ್ ಎರಡರಲ್ಲೂ 6 ಕಾರ್ಬನ್, 12 ಹೈಡ್ರೋಜನ್, 6 ಆಕ್ಸಿಜನ್. ಜೋಡಣೆ ಮಾತ್ರ ಬೇರೆ. ಇವೆರಡು ಸೇರಿ ಸಕ್ಕರೆಯಾದಾಗ ಒಂದು ನೀರಿನ ಅಣು ಹೊರಬೀಳುತ್ತದೆ. ಗ್ಲೂಕೋಸಿನ 1ನೇ ಕಾರ್ಬನ್, ಫ್ರಕ್ಟೋಸಿನ 2ನೇ ಕಾರ್ಬನ್ ನಡುವೆ ಒಂದು ಆಕ್ಸಿಜನ್ ಕೊಂಡಿ ಹಾಕುತ್ತದೆ. ತಾಮ್ರದ ಜೊತೆ ವರ್ತಿಸಬೇಕಾದ ತುದಿಗಳೇ ಅವು. ಎರಡಕ್ಕೂ ಬೀಗ ಬಿದ್ದ ಮೇಲೆ ಬಣ್ಣ ಬದಲಾಗುವುದು ಹೇಗೆ?

ಟ್ಯೂಬ್ ತೊಳೆದೆ. ಡ್ರಾಪರ್ ಬದಲಿಸಿದೆ. ಬೆನೆಡಿಕ್ಟ್ ದ್ರಾವಣವನ್ನೇ ಹೊಸದಾಗಿ ಮಾಡಿದೆ. ಕಿತ್ತಳೆ, ಕಿತ್ತಳೆ, ಕಿತ್ತಳೆ. ನಿನ್ನೆ ಬಾಟಲಿಯ ಸಕ್ಕರೆ ನೀರು ತಳ ಕಂಡಿತು. ಹೊಸದಾಗಿ ಕಲಸಿ ಕುದಿಯುವ ನೀರಿನಲ್ಲಿಟ್ಟೆ. ಐದು ನಿಮಿಷ ಕಳೆದರೂ ಅಚ್ಚ ನೀಲಿ! ಹಳೇ ಬಾಟಲಿ ಮೂಸಿ ನೋಡಿದೆ. ಸಣ್ಣಗೆ ಹುಳಿ ವಾಸನೆ.

ಕಪಾಟಿನಲ್ಲಿಟ್ಟ ನೀರಿಗೆ ಯೀಸ್ಟ್ ಸೇರಿರಬೇಕು. ಯೀಸ್ಟಿನಲ್ಲಿರುವ ಇನ್ವರ್ಟೇಸ್ ಕಿಣ್ವ ಆ ಕೊಂಡಿಯನ್ನೇ ಕತ್ತರಿಸುತ್ತದೆ. ಖಾತ್ರಿ ಮಾಡಿಕೊಳ್ಳಲು ಹೊಸ ಸಕ್ಕರೆ ನೀರಿಗೆ ಚಿಟಿಕೆ ಬೇಕರಿ ಯೀಸ್ಟ್ ಹಾಕಿ ಒಂದು ಗಂಟೆ ಬೆಚ್ಚಗಿಟ್ಟೆ. ಪಕ್ಕದ ಟ್ಯೂಬಿನಲ್ಲಿ ಸುಮ್ನೆ ಯೀಸ್ಟ್ ಮತ್ತು ನೀರು. ಮೊದಲನೆಯದು ಇಟ್ಟಿಗೆ ಕೆಂಪು, ಎರಡನೆಯದು ನೀಲಿ. ಆ ಕೆಂಪು ಬಣ್ಣ ನೋಡುತ್ತಾ ಕುಳಿತೇಬಿಟ್ಟೆ. 342 ಗ್ರಾಂ ಸಕ್ಕರೆಗೆ 18 ಗ್ರಾಂ ನೀರು ಸೇರಿ 180 ಗ್ರಾಂ ಗ್ಲೂಕೋಸ್, 180 ಗ್ರಾಂ ಫ್ರಕ್ಟೋಸ್. ಹೊರಬಿದ್ದ ನೀರೇ ಮತ್ತೆ ಒಳಗೆ ಬರುವ ಲೆಕ್ಕ. ಎಷ್ಟು ಚೆಂದ!

ಇನ್ವರ್ಟೇಸ್ ಅಂದೆನಲ್ಲ, ಅದರಲ್ಲಿರುವ 'ಇನ್ವರ್ಟ್' ಅಂದರೆ ತಿರುಗುಮುರುಗು. ಮುಂದಿನ ಪ್ರಾಜೆಕ್ಟ್ ಅದೇ. ಸಕ್ಕರೆ ದ್ರಾವಣ ಧ್ರುವೀಕೃತ ಬೆಳಕನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು) ಬಲಕ್ಕೆ ತಿರುಗಿಸುತ್ತದೆ, ಪ್ರಮಾಣಿತ ಅಳತೆಯಲ್ಲಿ +66.5 ಡಿಗ್ರಿ. ಒಡೆದ ಮೇಲೆ ಎಡಕ್ಕೆ, ಸುಮಾರು −20. ಫ್ರಕ್ಟೋಸಿನ ಎಡದ ಎಳೆತ ಗ್ಲೂಕೋಸಿನ ಬಲದ ಎಳೆತಕ್ಕಿಂತ ಜಾಸ್ತಿ. ಲ್ಯಾಪ್‌ಟಾಪ್ ಪರದೆಯ ಬೆಳಕು ಹೇಗೂ ಧ್ರುವೀಕೃತ. ಪೋಲರಾಯ್ಡ್ ಕನ್ನಡಕವೂ ಇದೆ. ತಳ ಚಪ್ಪಟೆಯಿರುವ, 10 ಸೆಂಟಿಮೀಟರ್ ಉದ್ದದ ಗಾಜಿನ ಕೊಳವೆ ಎಲ್ಲಿ ಸಿಗುತ್ತದೆ, ಯಾರಿಗಾದರೂ ಗೊತ್ತಾ?