ಕರೆಂಟ್ ಜಾಸ್ತಿ ಇಟ್ಟರೆ ಬೇಗ ಮುಗಿಯುತ್ತದೆ, ಆದರೆ…

ಮಂಗಳೂರು ಬಳಿಯ ದೇರಳಕಟ್ಟೆಯ ಒಂದು ಫಾರ್ಮಸಿ ಕಾಲೇಜಿನಲ್ಲಿ ಇಲಿಗಳ ಮೇಲಿನ ನೋವಿನ ಪ್ರಯೋಗಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಎಂ.ಫಾರ್ಮ್ ಮಕ್ಕಳು ಔಷಧದ ಡೋಸ್ ಬಗ್ಗೆ ವಾರಗಟ್ಟಲೆ ಓದಿಕೊಂಡು ಬರುತ್ತಾರೆ. ನೋವುಂಟುಮಾಡುವ ಬಿಸಿ ಎಷ್ಟಿರಬೇಕು ಎಂದು ಯೋಚಿಸಿ ಬರುವವರು ಕಡಿಮೆ.

ಬಿಸಿಗೆ ಇಲಿ ಎಷ್ಟು ಬೇಗ ಬಾಲ ಎಳೆಯುತ್ತದೆ ಎಂದು ನೋಡುವ ಟೇಲ್ ಫ್ಲಿಕ್ ಪರೀಕ್ಷೆಯನ್ನು 1941ರಲ್ಲಿ ಡಿ'ಆಮೋರ್ ಮತ್ತು ಸ್ಮಿತ್ ರೂಪಿಸಿದರು. ಇದನ್ನು ಮಾಡುವ ನಮ್ಮ ಉಪಕರಣ ಅನಲ್ಜೀಸಿಯೋಮೀಟರಿನಲ್ಲಿ ಕರೆಂಟ್ ಹರಿದು ನೈಕ್ರೋಮ್ ತಂತಿ ಕಾಯುತ್ತದೆ, ಇಲಿಯ ಬಾಲ ಅದರ ಮೇಲಿರುತ್ತದೆ, ಬಾಲ ಎಳೆದ ಕೂಡಲೇ ಗಡಿಯಾರ ನಿಲ್ಲಿಸುತ್ತೇವೆ. ಔಷಧ ಕೊಡುವ ಮೊದಲು 2ರಿಂದ 4 ಸೆಕೆಂಡಿನಲ್ಲಿ ಎಳೆಯುವ ಹಾಗೆ ಕರೆಂಟ್ ಹೊಂದಿಸುತ್ತೇವೆ; ಇದು ಬೇಸ್‌ಲೈನ್. 10 ಸೆಕೆಂಡಾದರೂ ಎಳೆಯದಿದ್ದರೆ ನಾವೇ ಬಾಲ ತೆಗೆಯಬೇಕು, ಇಲ್ಲದಿದ್ದರೆ ಚರ್ಮ ಸುಡುತ್ತದೆ; ಈ ಮಿತಿಯೇ ಕಟ್-ಆಫ್.

"ಸರ್, ಕರೆಂಟ್ ಸ್ವಲ್ಪ ಜಾಸ್ತಿ ಇಡುವನಾ? ಬೇಗ ಮುಗೀತದೆ." ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ. ಬೇಗ ಮುಗಿಯುವುದೇನೋ ನಿಜ. ಆದರೆ ಬಿಸಿ ಏರಿದಷ್ಟೂ ಅದನ್ನು ತಡೆಯಲು ನೋವು ನಿವಾರಕ ಮಾರ್ಫಿನ್ ಕೂಡ ಹೆಚ್ಚು ಬೇಕು. ಮಾರ್ಫಿನ್ ಜಾತಿಯದೇ ಆದ ಬುಪ್ರೆನಾರ್ಫಿನ್‌ನಂಥ ಔಷಧ ಸಾಧಾರಣ ಬಿಸಿಗೆ ಚೆನ್ನಾಗಿ ಕೆಲಸ ಮಾಡಿ, ಜೋರು ಬಿಸಿಗೆ ಡೋಸ್ ಏರಿಸಿದರೂ ಅರ್ಧಕ್ಕೇ ನಿಲ್ಲಬಹುದು. ಇನ್ನು ಮಕ್ಕಳು ಪರೀಕ್ಷೆಗೆ ತರುವ ಯಾವುದೋ ಬೇರಿನ ಸಾರ? ಅದರ ಸಣ್ಣ ಗುಣ ಅಲ್ಲಿ ಕಾಣುವುದೇ ಇಲ್ಲ. "ಪರಿಣಾಮವಿಲ್ಲ" ಎಂದು ಥೀಸಿಸ್‌ನಲ್ಲಿ ಬರೆದುಬಿಡುತ್ತಾರೆ. ಬಿಸಿ ತೀರಾ ಕಡಿಮೆಯಾದರೆ ರೀಡಿಂಗ್‌ಗಳು ಚೆಲ್ಲಾಪಿಲ್ಲಿಯಾಗುತ್ತವೆ. ಇಲಿ ಸುಮ್ಮನೆ ಬಾಲ ಆಡಿಸಿದ್ದನ್ನೂ ನೋವೆಂದು ಬರೆದುಕೊಳ್ಳುತ್ತೇವೆ. ಹಾಗಾಗಿ ಒಂದೇ ಬಿಸಿಯಲ್ಲಿ ಬಂದ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕನಿಷ್ಠ ಎರಡು ಮಟ್ಟದಲ್ಲಿ ನೋಡಿ ಎನ್ನುತ್ತೇನೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತೊಡಕಿದೆ. ಇಲಿ ಮೈಯ ಶಾಖದ ಗಣನೀಯ ಪಾಲನ್ನು ಬಾಲದಿಂದ ಹೊರಹಾಕುತ್ತದೆ. ಎಪ್ರಿಲ್-ಮೇ ಸೆಕೆಯಲ್ಲಿ ಎಸಿ ನಿಂತರೆ ಬಾಲದ ರಕ್ತನಾಳಗಳು ಹಿಗ್ಗುತ್ತವೆ, ಚರ್ಮ ಮೊದಲೇ ಬೆಚ್ಚಗಾಗಿರುತ್ತದೆ. ಮುಟ್ಟಿ ನೋಡಿದರೇ ಗೊತ್ತಾಗುತ್ತದೆ. ಆಗ ಅದೇ ಕರೆಂಟಿಗೆ ಇಲಿ ಬೇಗ ಬಾಲ ಎಳೆಯುತ್ತದೆ. ನಾವು ಗುಬಟು ತಿರುಗಿಸಿಲ್ಲ, ಆದರೂ ಪ್ರಯೋಗ ಬದಲಾಗಿದೆ. ಎಸಿ ಬಂದು ಕೋಣೆ ತಣಿದು, ಬೇಸ್‌ಲೈನ್ ಮತ್ತೆ ಮೊದಲಿನ ಮಟ್ಟಕ್ಕೆ ಬರುವವರೆಗೆ ನಾನು ಯಾರಿಗೂ ಇಲಿ ಮುಟ್ಟಲು ಬಿಡುವುದಿಲ್ಲ. ಬೇಜಾರು ಮಾಡಿಕೊಳ್ಳುತ್ತಾರೆ, ಮಾಡಿಕೊಳ್ಳಲಿ.

ಬಾಲ ಎಳೆಯುವುದು ಬೆನ್ನುಹುರಿಯ ಪ್ರತಿವರ್ತನೆ. ಮೆದುಳಿನ ಸಂಪರ್ಕ ಕಡಿದರೂ ಅದು ನಡೆಯುತ್ತದೆ. ಇನ್ನೊಂದು ಪರೀಕ್ಷೆಯಲ್ಲಿ ಇಲಿಯನ್ನು ಹಾಟ್ ಪ್ಲೇಟಿನ, ಅಂದರೆ ಬಿಸಿ ತಟ್ಟೆಯ, ಮೇಲೆ ಬಿಡುತ್ತೇವೆ; ಅಲ್ಲಿ ಅದು ಪಾದ ನೆಕ್ಕಿಕೊಳ್ಳುವುದಕ್ಕೆ ಮೆದುಳು ಬೇಕು. ಆದ್ದರಿಂದ ಎರಡನ್ನೂ ಮಾಡಿಸುತ್ತೇನೆ. ಜೊತೆಗೆ ಇಲಿಯ ಮುಖ ನೋಡಲು ಕಲಿಸುತ್ತೇನೆ: ನೋವಿದ್ದಾಗ ಕಣ್ಣು ಕಿರಿದಾಗುತ್ತದೆ, ಮೂಗು-ಕೆನ್ನೆಯ ಉಬ್ಬು ಚಪ್ಪಟೆಯಾಗುತ್ತದೆ, ಕಿವಿ ಮಡಚಿಕೊಳ್ಳುತ್ತದೆ. ಇಲಿಗಳ ಮುಖಭಾವದ ಈ ಅಳತೆಗೋಲು 2011ರಲ್ಲಿ ಪ್ರಕಟವಾಯಿತು. ಅಳೆಯುವವರು ಯಾರೆಂಬುದೂ ಮುಖ್ಯ. ಗಂಡಸರ ವಾಸನೆಯಿದ್ದರೇ ಇಲಿಗಳ ನೋವಿನ ವರ್ತನೆ ತಗ್ಗುತ್ತದೆ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ತಂಡ 2014ರಲ್ಲಿ ತೋರಿಸಿತು. ಒಂದು ಪ್ರಯೋಗದ ಅಷ್ಟೂ ರೀಡಿಂಗ್ ಒಬ್ಬರೇ ತೆಗೆಯಬೇಕೆಂದು ನಾನು ಹಟ ಹಿಡಿಯುವುದು ಇದಕ್ಕೇ.

ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲಿ ಎಷ್ಟು ಇಲಿ, ಯಾಕೆ ಅಷ್ಟು ಎಂದು ಬರೆಯಬೇಕು. ಬಿಸಿ ತಪ್ಪಿದ ಪ್ರಯೋಗದಲ್ಲಿ ಆ ಜೀವಗಳು ಪಟ್ಟ ನೋವು ಯಾರಿಗೂ ಉಪಯೋಗಕ್ಕೆ ಬರುವುದಿಲ್ಲ. ಈಗ ಕರಡು ನನ್ನ ಮೇಜಿಗೆ ಬಂದರೆ ಮೊದಲು ನೋಡುವುದು ಮೂರು ಸಾಲು: ಬೇಸ್‌ಲೈನ್ ಎಷ್ಟು ಸೆಕೆಂಡು, ಕಟ್-ಆಫ್ ಎಷ್ಟು, ಕೋಣೆಯ ಉಷ್ಣಾಂಶ ಎಷ್ಟು. ಅವಿಲ್ಲದ ಕರಡನ್ನು ಅಲ್ಲಿಂದಲೇ ವಾಪಸ್ ಕಳಿಸುತ್ತೇನೆ.