ರೂಯಿಬೋಸ್ ಟಿಂಚರನ್ನು ಹನಿ ಲೆಕ್ಕದಲ್ಲಿ ಹಾಕಬೇಡಿ

ಪರ್ಫ್ಯೂಮಿಗೆಂದು ರೂಯಿಬೋಸ್ ಎಲೆಯನ್ನು ಆಲ್ಕೊಹಾಲಿನಲ್ಲಿ ನೆನೆಸಿ ತೆಗೆಯುವ ಸಾರವೇ ಈ ಟಿಂಚರ್. ಹೆಸರಿಗೆ ಚಹಾ ಅಂದರೂ ರೂಯಿಬೋಸ್ ಚಹಾ ಗಿಡದ್ದಲ್ಲ. ದಕ್ಷಿಣ ಆಫ್ರಿಕಾದ ಸೀಡರ್‌ಬರ್ಗ್ ಬೆಟ್ಟಗಳ ಸುತ್ತಮುತ್ತ ಬೆಳೆಯುವ, ದ್ವಿದಳ ಧಾನ್ಯಗಳ ಕುಟುಂಬಕ್ಕೆ ಸೇರಿದ ಪೊದೆ ಅದು. ಸೂಜಿಯಂಥ ಎಲೆ, ಎಳೆ ಕಡ್ಡಿಗಳನ್ನು ಸಣ್ಣಗೆ ಕತ್ತರಿಸಿ, ಜಜ್ಜಿ, ನೀರು ಚಿಮುಕಿಸಿ, ರಾಶಿ ಹಾಕಿ ಬೆವರಲು ಬಿಡುತ್ತಾರೆ. ಆಮೇಲೆ ಬಿಸಿಲಿಗೆ ಹರಡುತ್ತಾರೆ. ಎಲೆ ಕೆಂಪಾಗುವುದೂ, ಜೇನು, ಒಣಹುಲ್ಲು, ಒಣ ಮರ, ತುಸು ಹೊಗೆ ಸೇರಿದ ಆ ಪರಿಮಳ ಹುಟ್ಟುವುದೂ ಆ ರಾಶಿಯಲ್ಲೇ. ಆದ್ದರಿಂದ ಸುಗಂಧಕ್ಕೆ ಕೆಂಪು ರೂಯಿಬೋಸೇ ಬೇಕು. ಬೆವರಿಸದ ಹಸಿರು ಎಲೆಯಿಂದ ಹುಲ್ಲಿನ ವಾಸನೆ ಬಿಟ್ಟರೆ ಹೆಚ್ಚೇನೂ ಸಿಗದು.

ಟಿಂಚರಿಗೆ 20 ಗ್ರಾಂ ಎಲೆ, 100 ಮಿಲಿ 95% ಎಥನಾಲ್ (ಆಲ್ಕೊಹಾಲ್) ಸಾಕು. ವೆನಿಲ್ಲಾ, ಕ್ಯಾರಮೆಲ್ ಅಂತ ಫ್ಲೇವರ್ ಸೇರಿಸಿದ ಎಲೆ ಬೇಡ. ಎಥನಾಲ್ ಮೊದಲು ಎಳೆದುಕೊಳ್ಳುವುದು ಆ ಫ್ಲೇವರನ್ನೇ. ಟೀ ಬ್ಯಾಗಿನ ಪುಡಿ ಫಿಲ್ಟರಿನಲ್ಲಿ ಕಟ್ಟಿಕೊಳ್ಳುತ್ತದೆ, ಬಿಡಿ ಎಲೆಯೇ ವಾಸಿ. ಗಾಜಿನ ಬಾಟಲಿಯಲ್ಲಿ ಮುಚ್ಚಿ, ಕತ್ತಲಲ್ಲಿಟ್ಟು, ದಿನಕ್ಕೊಮ್ಮೆ ಅಲ್ಲಾಡಿಸಿ. ಕಬ್ಬಿಣದ ಪಾತ್ರೆ, ಚಮಚ ತಾಗಿಸಬೇಡಿ. ಎಲೆಯ ಪಾಲಿಫಿನಾಲ್‌ಗಳು ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತವೆ. ಎರಡು ವಾರದ ನಂತರ ಸೋಸಿ, ಅದೇ ದ್ರಾವಣಕ್ಕೆ ಇನ್ನೊಂದು 15 ಗ್ರಾಂ ಹೊಸ ಎಲೆ ಹಾಕಿ ಮತ್ತೆರಡು ವಾರ ಬಿಟ್ಟರೆ ಪರಿಮಳ ಗಟ್ಟಿಯಾಗುತ್ತದೆ. ಕೊನೆಗೆ ಒಂದು ರಾತ್ರಿ ಫ್ರೀಜರಿನಲ್ಲಿಟ್ಟು, ತಣ್ಣಗಿರುವಾಗಲೇ ಕಾಫಿ ಫಿಲ್ಟರಿನಲ್ಲಿ ಸೋಸಿ. ಬೆಚ್ಚಗಾದ ಮೇಲೆ ಸೋಸಿದರೆ, ಚಳಿಗೆ ಗಟ್ಟಿಯಾದ ಎಲೆಯ ಮೇಣ ಮತ್ತೆ ಕರಗಿ ಕೆಳಗಿಳಿಯುತ್ತದೆ. ಬೆಂಕಿಯ ಹತ್ತಿರ ಈ ಯಾವ ಕೆಲಸವೂ ಬೇಡ.

ಕುದಿಸಿದ ಕಷಾಯವನ್ನೇ ಆಲ್ಕೊಹಾಲಿಗೆ ಬೆರೆಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ನೀರು ಹೆಚ್ಚಾದಷ್ಟೂ ಸುಗಂಧದ ಎಣ್ಣೆಗಳು ಕರಗದೆ ಉಳಿದು ದ್ರಾವಣ ಹಾಲಿನಂತೆ ಕದಡುತ್ತದೆ.

ಇನ್ನು ಬಳಕೆ. ಬ್ಲಾಟರ್ ಪಟ್ಟಿಯನ್ನು (ಮೂಸಿ ನೋಡುವ ಕಾಗದದ ಪಟ್ಟಿ) ಟಿಂಚರಿನಲ್ಲಿ ಅದ್ದಿ, ಆಲ್ಕೊಹಾಲ್ ಆರಲು ಹತ್ತು ನಿಮಿಷ ಬಿಟ್ಟು ಮೂಸಿ. ಬಣ್ಣ ಗಾಢ, ವಾಸನೆ ಮೆಲು. ಎಣ್ಣೆಗಳ ನಡುವೆ ಇದರ ನಾಲ್ಕು ಹನಿ ಹಾಕಿದರೆ ಹಾಕಿದ್ದೇ ಗೊತ್ತಾಗುವುದಿಲ್ಲ. ಹಾಗಾಗಿ ಇದನ್ನೇ ದ್ರಾವಕವಾಗಿ ಬಳಸಬೇಕು: 50 ಗ್ರಾಂ ಪರ್ಫ್ಯೂಮಿಗೆ 10 ಗ್ರಾಂ ಸುಗಂಧ ಮಿಶ್ರಣ, 25 ಗ್ರಾಂ ಟಿಂಚರ್, 15 ಗ್ರಾಂ ಬರೀ ಎಥನಾಲ್.

ಮಿಶ್ರಣವೂ ಅದೇ ದಿಕ್ಕಿನಲ್ಲಿ ಸಾಗಬೇಕು. ತೂಕದಲ್ಲಿ 100 ಭಾಗಕ್ಕೆ ಹೆಡಿಯೋನ್ (ಮಲ್ಲಿಗೆಯಂಥ ತೆಳು ಪರಿಮಳದ ವಸ್ತು) 40, ವರ್ಜೀನಿಯಾ ಸೀಡರ್ ಎಣ್ಣೆ 20, ಫ್ಯುರೋಕೂಮರಿನ್ (ಬಿಸಿಲಿಗೆ ಚರ್ಮ ಸುಡಿಸುವ ವಸ್ತು) ತೆಗೆದ ಬರ್ಗಮೊಟ್ ಎಣ್ಣೆ 18, ಗುಲಾಬಿ ವಾಸನೆಯ ಫಿನೈಲ್ ಈಥೈಲ್ ಆಲ್ಕೊಹಾಲ್ 10, ಒಣಹುಲ್ಲಿನ ಸಿಹಿಗೆ ಕೂಮರಿನ್‌ನ 10% ದ್ರಾವಣ 8, ಹೊಗೆ ವಾಸನೆಯ ಗ್ವಾಯಕಾಲ್ ಮತ್ತು ಹಣ್ಣಿನ ವಾಸನೆಯ ಡಮಾಸೆನೋನ್‌ಗಳ 1% ದ್ರಾವಣ ತಲಾ 2 ಭಾಗ. ಕೊನೆಯ ಎರಡೂ ರೂಯಿಬೋಸಿನ ಸ್ವಂತ ಪರಿಮಳದಲ್ಲೇ ಇರುವ ವಸ್ತುಗಳು. ಟಿಂಚರಿನಲ್ಲಿ ಅಡಗಿರುವುದನ್ನು ಎತ್ತಿ ತೋರಿಸುವುದು ಇವೇ. ಆದರೆ ಗ್ವಾಯಕಾಲ್ ಸ್ವಲ್ಪ ಮೀರಿದರೂ ಹೊಗೆಯಾಡಿಸಿದ ಮಾಂಸದ ವಾಸನೆ ಬರುತ್ತದೆ, ಡಮಾಸೆನೋನ್ ಮೀರಿದರೆ ಬೇಯಿಸಿದ ಸೇಬಿನ ಜಾಮ್. 0.01 ಗ್ರಾಂ ತೋರಿಸುವ ತಕ್ಕಡಿಯಿಲ್ಲದೆ ಇವೆರಡನ್ನು ಮುಟ್ಟಬೇಡಿ. ಡಮಾಸೆನೋನ್‌ಗೆ, ಕೂಮರಿನ್‌ಗೆ ಐಎಫ್‌ಆರ್‌ಎ (ಅಂತರರಾಷ್ಟ್ರೀಯ ಸುಗಂಧ ಸಂಘ) ಹಾಕಿದ ಮಿತಿಗಳೂ ಇವೆ. ಪ್ರಮಾಣ ಏರಿಸುವ ಮುಂಚೆ ನೋಡಿಕೊಳ್ಳಿ.

ವೆನಿಲಿನ್ ಸೇರಿಸುವ ಆಸೆ ಸಹಜ, ಒಗ್ಗುತ್ತದೆ ಕೂಡ. ಅದು ದಿನ ಕಳೆದಂತೆ ಬಣ್ಣವನ್ನು ಇನ್ನಷ್ಟು ಕಂದಾಗಿಸುತ್ತದೆ, ಅಷ್ಟೆ. ಮೊದಲೇ ಈ ಟಿಂಚರ್ ಬಿಳಿ ಬಟ್ಟೆಗೆ ಕಲೆ ಹಿಡಿಸುವಂಥದ್ದು, ಚರ್ಮಕ್ಕಷ್ಟೇ ಹಚ್ಚಿ. ಅದಕ್ಕೂ ಮುಂಚೆ ಮೊಣಕೈ ಒಳಭಾಗದಲ್ಲಿ ಒಂದು ದಿನ ಪರೀಕ್ಷಿಸಿ. ಬೆರೆಸಿದ ಪರ್ಫ್ಯೂಮನ್ನು ನಾಲ್ಕು ವಾರ ಕತ್ತಲಲ್ಲಿಡಿ. ತಳದಲ್ಲಿ ಕಂದು ಗಸಿ ಕೂತಿದ್ದರೆ ಅಲ್ಲಾಡಿಸದೆ ಮೇಲಿನದನ್ನು ಬಸಿದು, ಮತ್ತೊಮ್ಮೆ ಸೋಸಿ ಸ್ಪ್ರೇ ಬಾಟಲಿಗೆ ತುಂಬಿ. ಇಲ್ಲದಿದ್ದರೆ ಆ ಗಸಿಯೇ ನಳಿಕೆಯಲ್ಲಿ ಕಟ್ಟಿಕೊಳ್ಳುತ್ತದೆ.