ಊಟದ ಬೋಗಿಯಲ್ಲಿ ನಿಂತ ಯುದ್ಧ

ಪ್ಯಾರಿಸ್‌ನಿಂದ ಕೊಂಪಿಯೆನ್‌ಗೆ ರೈಲಿನಲ್ಲಿ ಹೆಚ್ಚುಕಮ್ಮಿ ಒಂದು ಗಂಟೆ. ಅಲ್ಲಿಂದ ಕಾಡಿನೊಳಗೆ ಹೋಗಬೇಕಾದ ಬಸ್ಸು ಕಣ್ಣೆದುರೇ ಹೊರಟುಹೋಯಿತು. ಬೈದುಕೊಳ್ಳುತ್ತಲೇ ಟ್ಯಾಕ್ಸಿ ಹತ್ತಿದೆವು, ನಾನು, ನನ್ನ ಹೆಂಡತಿ.

ಮೊದಲ ಮಹಾಯುದ್ಧ ನಿಂತ ನೆನಪಿಗೆ ಪ್ರತಿ ನವೆಂಬರ್ 11ಕ್ಕೆ ಯುರೋಪಿನ ಹಲವು ದೇಶಗಳ ಊರೂರಲ್ಲಿ ಹೂವಿಟ್ಟು ಮೌನವಾಗಿ ನಿಲ್ಲುತ್ತಾರಲ್ಲ, ಆ ದಿನ ಹುಟ್ಟಿದ್ದು ಮರಗಳ ನಡುವಿನ ಈ ಬಯಲಲ್ಲಿ. 1918ರಲ್ಲಿ ಇಲ್ಲಿ ದೊಡ್ಡ ಫಿರಂಗಿ ಸಾಗಿಸಲು ಹಾಕಿದ್ದ ಹಳಿಗಳಿದ್ದವು, ಅಷ್ಟೆ. ಯಾರ ಕಣ್ಣಿಗೂ ಬೀಳದ ಜಾಗವೇ ಬೇಕಿತ್ತು. ಒಂದು ಹಳಿ ಮೇಲೆ ಫ್ರಾನ್ಸಿನ ಮಾರ್ಷಲ್ ಫೋಶ್ ಅವರ ರೈಲು, ಇನ್ನೊಂದರ ಮೇಲೆ ಸೋತ ಜರ್ಮನಿಯವರದು. ಕದನವಿರಾಮಕ್ಕೆ ಸಹಿ ಬಿದ್ದಿದ್ದು ಫೋಶ್ ಕಚೇರಿ ಮಾಡಿಕೊಂಡಿದ್ದ ಊಟದ ಬೋಗಿಯಲ್ಲಿ, ಬೆಳಗಿನ ಜಾವ 5 ದಾಟಿದ ಮೇಲೆ. ಗುಂಡು ನಿಲ್ಲಬೇಕಾದದ್ದು ಮಾತ್ರ 11 ಗಂಟೆಗೆ.

ಮ್ಯೂಸಿಯಂನಲ್ಲಿ ಮರದ ಪೆಟ್ಟಿಗೆಗಳಿವೆ. ಎರಡು ತೂತುಗಳಿಗೆ ಕಣ್ಣಿಟ್ಟರೆ ಹಳೇ ಫೋಟೋ ಉಬ್ಬಿ ನಿಲ್ಲುತ್ತದೆ. ಕಂದಕದ ಕೆಸರು ಮೂಗಿಗೇ ತಾಗುವಷ್ಟು ಹತ್ತಿರ. ನಾನು ಅಲ್ಲೇ ಅಂಟಿಕೊಂಡೆ. ಹೆಂಡತಿ ಬೋಗಿಯ ಕಿಟಕಿಯಲ್ಲಿ ಇಣುಕಿ ಬಂದು, "ರೀ, ಇದು ಅಸಲಿ ಅಲ್ವಂತೆ" ಅಂದಳು.

ಹೌದು, ಅಲ್ಲ. ಅಸಲಿ ಬೋಗಿಯ ನಂಬರ್ 2419ಡಿ. 1940ರ ಜೂನ್‌ನಲ್ಲಿ ಹಿಟ್ಲರ್ ಅದೇ ಬೋಗಿಯನ್ನು ಇದೇ ಜಾಗಕ್ಕೆ ಎಳೆಸಿ, ಈ ಸಲ ಫ್ರೆಂಚರಿಂದ ಸಹಿ ಹಾಕಿಸಿಕೊಂಡ. ಆಮೇಲೆ ಬರ್ಲಿನ್‌ಗೆ ಹೊತ್ತೊಯ್ದ. ಸ್ಮಾರಕವನ್ನು ಒಡೆಸಿದ, ಫೋಶ್ ಪ್ರತಿಮೆಯನ್ನು ಮಾತ್ರ ಬಿಟ್ಟ, ಹಾಳಾದ ಬಯಲನ್ನು ನೋಡುತ್ತಾ ನಿಂತಿರಲಿ ಅಂತ. ಎಂಥ ಹೊಟ್ಟೆಕಿಚ್ಚು! ಬೋಗಿ 1945ರಲ್ಲಿ ಜರ್ಮನಿಯಲ್ಲೇ ನಾಶವಾಯಿತು. ಈಗಿರುವುದು 2439ಡಿ, ಅದೇ ಮಾದರಿಯದು.

ಎರಡು ನಿಮಿಷದ ಮೌನ ಇಲ್ಲಿಯದಲ್ಲ. 1918ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಮಧ್ಯಾಹ್ನದ ಫಿರಂಗಿ ಹಾರಿದೊಡನೆ ಬೀದಿ ಸ್ತಬ್ಧವಾಗುತ್ತಿತ್ತು. ಅದು ಲಂಡನ್ ತಲುಪಿ, 1919ರ ನವೆಂಬರ್‌ನಲ್ಲಿ ಐದನೇ ಜಾರ್ಜ್ ದೊರೆಯ ಕರೆಯಾಯಿತು. ಫ್ರಾನ್ಸಿನಲ್ಲಿ ರಜೆಯ ಜಗಳ. ಸರ್ಕಾರ ಆಚರಣೆಯನ್ನು ಭಾನುವಾರಕ್ಕೆ ತಳ್ಳಲು ನೋಡಿತು, ಮಾಜಿ ಸೈನಿಕರು ಒಪ್ಪಲಿಲ್ಲ. 1922ರಲ್ಲಿ ನವೆಂಬರ್ 11ಕ್ಕೇ ರಜೆ ಸಿಕ್ಕಿತು.

ವಾಪಸ್ ರೈಲಿನಲ್ಲಿ ನನ್ನ ತಲೆಯಲ್ಲಿದ್ದದ್ದು ಸಹಿಗೂ 11 ಗಂಟೆಗೂ ನಡುವಿನ ಆ ಸುಮಾರು ಆರು ಗಂಟೆ. ಒಗುಸ್ತ್ಯಾಂ ತ್ರೆಬ್ಯುಶೋಂ ಎಂಬ ಫ್ರೆಂಚ್ ಸಿಪಾಯಿ ಊರಲ್ಲಿ ಕುರಿ ಕಾಯುತ್ತಿದ್ದವನು. ಯುದ್ಧದಲ್ಲಿ ಸುದ್ದಿ ಮುಟ್ಟಿಸುವ ಕೆಲಸ. 11ಕ್ಕೆ ಹತ್ತೇ ಹದಿನೈದು ನಿಮಿಷವಿದ್ದಾಗ ಗುಂಡು ತಗುಲಿ ಸತ್ತ. ಒಯ್ಯುತ್ತಿದ್ದ ಚೀಟಿಯಲ್ಲಿದ್ದದ್ದು ಹನ್ನೊಂದೂವರೆಗೆ ಊಟಕ್ಕೆ ಸೇರಿ ಎಂಬ ಮಾತು. ವ್ರಿನ್-ಮ್ಯೂಸ್ ಎಂಬ ಹಳ್ಳಿಯಲ್ಲಿ ಅವನ ಸಮಾಧಿಯಿದೆ. ಅದರ ಮೇಲೆ ಬರೆದಿರುವ ತಾರೀಖು ನವೆಂಬರ್ 10.